ಷರಾ ಕಾಲಂ

ಮೈಸೂರಿನ ಅಚ್ಚುಮನೆಯಲ್ಲಿ ಕರಡು ತಿದ್ದುವವರೊಬ್ಬರು 2023ರ ಫೆಬ್ರವರಿಯ ಒಂದು ಮಧ್ಯಾಹ್ನ ಫೋನ್ ಮಾಡಿದರು. ನಾನು ತೋಟದಲ್ಲಿ ಮೆಣಸು ಕೊಯ್ಯುವವರ ಏಣಿ ಹಿಡಿದುಕೊಂಡು ನಿಂತಿದ್ದೆ. "ಸರ್, ಒಂದು ಅನುಮಾನ. ಅರವತ್ತನಾಲ್ಕನೇ ಪುಟದಿಂದ ಮುಂದೆ ಬಡ್ಡಿ, ಬಡ್ಡಿ ಎಂದು ಬರುತ್ತಲೇ ಇದೆ. ಸಾಲದ ವಿಷಯ ಹಿಂದೆ ಎಲ್ಲಿಯೂ ಇಲ್ಲ. ಅಸಲು ಎಷ್ಟು ಎಂಬುದು ಬಿಟ್ಟುಹೋಗಿದೆಯೇ?"

ಸೇನೆಯಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬ ಮಲಗಿದರೆ ಇನ್ನೊಬ್ಬ ಎದ್ದಿರಬೇಕು, ಒಬ್ಬನ ಪಟ್ಟಿ, ಕೊಂಡಿಗಳನ್ನು ಇನ್ನೊಬ್ಬ ಎಳೆದು ನೋಡಬೇಕು. ಆ ಜೊತೆಗಾರನಿಗೆ ಇಂಗ್ಲಿಷಿನಲ್ಲಿರುವ ಹೆಸರು ಬ್ಯಾರಕ್ಕಿನ ಬಾಯಿಗಳಲ್ಲಿ ಉರುಳಿ ಉರುಳಿ ಬಡ್ಡಿ ಆಗಿದೆ. ಹದಿನೇಳು ವರ್ಷ ಆ ಪದ ಬಳಸಿದ ನನಗೆ ಕನ್ನಡದಲ್ಲಿ ಅದಕ್ಕೆ ಇನ್ನೊಂದು ಅರ್ಥ ಇದೆಯೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಏಣಿಯ ಬುಡದಲ್ಲಿ ನಿಂತು ಜೋರಾಗಿ ನಕ್ಕೆ. ಮೇಲಿದ್ದವನು ಏನಾಯಿತೆಂದು ಇಣುಕಿ ನೋಡಿದ. ಆಮೇಲೆ ನಗು ತಾನಾಗಿ ನಿಂತಿತು. ಅರವತ್ತನಾಲ್ಕನೇ ಪುಟದಿಂದ ಮುಂದಿನ ಅಧ್ಯಾಯದಲ್ಲಿ ಅವನು ಸಾಯುತ್ತಾನೆ.

ಕಮಾಂಡೊ ಆಗಿದ್ದವನು ಬರೆಯಲು ಕಲಿತದ್ದು ಹೇಗೆ ಎಂದು ಈಗ ಕೆಲವರು ಕೇಳುತ್ತಾರೆ. ಕಲಿತೆನೋ ಇಲ್ಲವೋ ನಾನು ಹೇಳಲಾರೆ. ನಾಲ್ಕು ವರ್ಷ ಹಿಡಿಯಿತು ಎಂಬುದು ಮಾತ್ರ ನಿಜ. ವಿಶೇಷ ಪಡೆಯ ಪ್ರೊಬೇಷನ್ ಮೂರೇ ತಿಂಗಳಲ್ಲಿ ಮುಗಿದಿತ್ತು.

ನಮ್ಮದು ಕೊಡಗಿನ ಚೇರಂಬಾಣೆಯಿಂದ ಒಳಗೆ, ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕಾದ ಜಾಗ. ಮೂರು ಎಕರೆ ರೊಬಸ್ಟಾ ಕಾಫಿ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಮನೆಯಲ್ಲಿ ಆಡುವುದು ಅರೆಭಾಷೆ. ಹೆಸರಿನಲ್ಲೇ ಅರ್ಧ. 'ಇಲ್ಲ' ಎನ್ನಲು ಮನೆಯಲ್ಲಿ 'ಇಲ್ಲೆ', ಶಾಲೆಯಲ್ಲಿ 'ಇಲ್ಲ', ಪಲ್ಟನ್ನಿನಲ್ಲಿ 'ನಹೀ ಸಾಬ್'. ಮೊದಲೆರಡರ ನಡುವೆ ಇರುವುದು ಒಂದು ಎತ್ವದ ಅಂತರ. ಆ ಎತ್ವಕ್ಕಾಗಿ ಐದನೇ ತರಗತಿಯಲ್ಲಿ ಬೆತ್ತದ ಏಟು ತಿಂದಿದ್ದೇನೆ. ಹೀಗಾಗಿ ನಾನು ಬರೆಯಲು ಕುಳಿತಾಗ ನನ್ನ ಬಳಿ ಇದ್ದದ್ದು ಒಂದೂವರೆ ಭಾಷೆಯೋ ಎರಡೂವರೆಯೋ, ಒಟ್ಟಿನಲ್ಲಿ ಪೂರ್ತಿಯಾದದ್ದು ಒಂದೂ ಇರಲಿಲ್ಲ.

2000ದ ಮಾರ್ಚಿನಲ್ಲಿ ಸೇನೆಗೆ ಸೇರಿದೆ. ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ಕೇಂದ್ರದಲ್ಲಿ ತರಬೇತಿ, ಆಮೇಲೆ ವಿಶೇಷ ಪಡೆಗೆ ಸ್ವಂತ ಇಚ್ಛೆಯಿಂದ ಹೆಸರು ಕೊಟ್ಟೆ. ಪ್ರೊಬೇಷನ್ನಿನ ಬಗ್ಗೆ ಜನ ಬಹಳ ಕೇಳುತ್ತಾರೆ. ನಿದ್ದೆ ಕೊಡುವುದಿಲ್ಲ, ಸರಿಯಾಗಿ ಉಣ್ಣಲು ಬಿಡುವುದಿಲ್ಲ, ಬೆನ್ನಿಗೆ ಭಾರ ಹೊರಿಸಿ ನಡೆಸುತ್ತಾರೆ, ಹೆಚ್ಚಿನವರು ವಾಪಸು ಹೋಗುತ್ತಾರೆ. ಉಳಿದವರಿಗೆ ಮರೂನ್ ಟೋಪಿಯ ಜೊತೆಗೆ 'ಬಲಿದಾನ್' ಎಂದು ದೇವನಾಗರಿಯಲ್ಲಿ ಬರೆದ, ರೆಕ್ಕೆಯುಳ್ಳ ಕಠಾರಿಯ ಬಿಲ್ಲೆ. ಗಾಜು ತಿನ್ನುತ್ತೀರಂತೆ ಹೌದೇ ಎಂದು ಶಾಲಾ ಮಕ್ಕಳೂ ಕೇಳುತ್ತಾರೆ. ಹೌದು, ಆದರೆ ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಬರೆಯುವಂಥದ್ದು ಆಗ್ರಾದಲ್ಲಿ ಇತ್ತು. ರೆಕ್ಕೆಯ ಬಿಲ್ಲೆ ಸಿಗಬೇಕಾದರೆ ಅಲ್ಲಿ ಐದು ಸಲ ಹಾರಬೇಕು. ಎಎನ್-32 ವಿಮಾನ, ಮಾಲ್ಪುರದ ಬಯಲು, ಎತ್ತರ 1,250 ಅಡಿ. ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ ಸಾಲಾಗಿ ನಿಲ್ಲಬೇಕು. ಬಾಗಿಲಲ್ಲಿ ಕೆಂಪು ದೀಪ, ಆಮೇಲೆ ಹಸಿರು. ನೆಲ ಕಂಡು ಹೆದರಿದೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಬರೆಯುವಾಗ ಆ ವಾಕ್ಯ ಸುಳ್ಳೆಂದು ಗೊತ್ತಾಯಿತು. ನಾನು ನೆಲ ನೋಡಿರಲೇ ಇಲ್ಲ. ನನ್ನ ಹೆದರಿಕೆಯೆಲ್ಲ ಬೆನ್ನ ಹಿಂದೆ ಇತ್ತು. ನಾನು ಒಂದು ಗಳಿಗೆ ತಡೆದರೂ ಹಿಂದಿನ ಸಾಲು ಅದನ್ನು ನೋಡುತ್ತದೆ, ಊರಿಗೆ ಸುದ್ದಿ ಹೋಗುತ್ತದೆ ಎಂಬ ಹೆದರಿಕೆ. ನನ್ನ ಬೆನ್ನಿಗೆ ಅಂಟಿ ನಿಂತಿದ್ದವನು ಬಡ್ಡಿ, ಹಿಮಾಚಲದ ಕಾಂಗ್ರಾದವನು. ಅವನೂ ನನ್ನ ಬೆನ್ನು ನೋಡಿಕೊಂಡೇ ಹಾರಿದನಂತೆ.

ಸೇನೆಯಲ್ಲಿ ನಾನು ಬರೆಯದೇ ಇರಲಿಲ್ಲ. ಗಸ್ತು ಮುಗಿಸಿ ಬಂದ ಮೇಲೆ ವರದಿ ಕೊಡಬೇಕು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂತು. ಹೊರಟ ಸಮಯ, ಮರಳಿದ ಸಮಯ, ನಕ್ಷೆಯ ಆರಂಕಿ ಗುರುತು, ಕಂಡದ್ದು, ಕೇಳಿದ್ದು, ಖರ್ಚಾದದ್ದು. ರೋಮನ್ ಅಕ್ಷರದಲ್ಲಿ ಹಿಂದಿ. 'ನಾನು' ಎಂಬ ಪದಕ್ಕೆ ಅಲ್ಲಿ ಜಾಗವಿಲ್ಲ. ವಿಶೇಷಣಕ್ಕೂ ಇಲ್ಲ. ಚಳಿ ಎಂದು ಬರೆಯುವಂತಿಲ್ಲ, ಮೈನಸ್ ಎಂಟು ಎಂದು ಬರೆಯಬೇಕು. ಈಗಲೂ ಅದನ್ನು ಕೆಟ್ಟ ಬರವಣಿಗೆ ಎಂದು ನಾನು ಒಪ್ಪುವುದಿಲ್ಲ. ಆ ಕಾಗದ ನಂಬಿಕೊಂಡು ಮರುದಿನ ಇನ್ನೊಂದು ತಂಡ ಅದೇ ದಾರಿಯಲ್ಲಿ ಹೋಗುತ್ತದೆ. ನನ್ನ ಪುಸ್ತಕ ನಂಬಿಕೊಂಡು ಯಾರೂ ಎಲ್ಲಿಗೂ ಹೋಗುವುದಿಲ್ಲ.

ಪಿಂಚಣಿಗೆ ಬೇಕಾದ ಹದಿನೈದು ವರ್ಷ ಮುಗಿದ ಮೇಲೆ ಇನ್ನೆರಡು ವರ್ಷ ಇದ್ದು, 2017ರಲ್ಲಿ ಹವಿಲ್ದಾರನಾಗಿ ಸ್ವಯಂ ನಿವೃತ್ತಿ ಪಡೆದು ಬಂದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು, ತೋಟ ನೋಡುವವರಿರಲಿಲ್ಲ. ಊರಿನಲ್ಲಿ ಯಾರೂ ನನ್ನನ್ನು ವಿಶೇಷವಾಗಿ ನೋಡಲಿಲ್ಲ. ಕೊಡಗಿನಲ್ಲಿ ಯಾವ ಊರಿಗೆ ಹೋದರೂ ಗೋಡೆಯ ಮೇಲೆ ಸಮವಸ್ತ್ರದ ಫೋಟೊ ಇರುವ ಮನೆಗಳು ಸಿಗುತ್ತವೆ. ಮಡಿಕೇರಿಯ ಸೈನಿಕರ ಕ್ಯಾಂಟೀನಿನ ಸಾಲಿನಲ್ಲಿ ನಿಂತರೆ 1971ರವರು ಮುಂದೆ, ಕಾರ್ಗಿಲಿನವರು ಹಿಂದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಹುಟ್ಟಿದ ಜಿಲ್ಲೆಯಲ್ಲಿ ಹವಿಲ್ದಾರನೊಬ್ಬ ಸೇನೆಯ ಕತೆ ಹೇಳುವುದೆಂದರೆ ಭಾಗಮಂಡಲದಲ್ಲಿ ಅಂಗಡಿ ಹಾಕಿ ಮಳೆ ಮಾರಿದ ಹಾಗೆ. ನನಗೂ ಹೇಳಬೇಕೆಂದು ಅನಿಸಿರಲಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲ, ಮೊಣ್ಣಂಗೇರಿ. ಹಗ್ಗ ಹಿಡಿದು ಹೋಗಬಲ್ಲ ಹಳಬರು ಸಾಕಷ್ಟು ಜನ ಹೋದೆವು. ಎರಡು ದಿನ ಕಳೆದ ಮೇಲೆ ಮೊಣಕಾಲಿನ ಹಳೆಯ ನೋವು ಮರುಕಳಿಸಿ ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಕೂರಬೇಕಾಯಿತು. ಅಲ್ಲೂ ದುಂಡಗಿನ ಅಕ್ಷರವೇ ನನ್ನನ್ನು ಹಿಡಿದುಕೊಟ್ಟಿತು. ದಾಖಲೆ ಪುಸ್ತಕ ಕೈಗೆ ಬಂತು. ಕ್ರಮಸಂಖ್ಯೆ, ಹೆಸರು, ಊರು, ಕುಟುಂಬದ ಸದಸ್ಯರು, ನಷ್ಟದ ವಿವರ, ಷರಾ.

ಒಬ್ಬರು ಅಜ್ಜಿ ಬಂದರು. ಮನೆ ಹೋಗಿತ್ತು, ಬರೆದುಕೊಂಡೆ. ತೋಟ ಒಂದೂವರೆ ಎಕರೆ, ಬರೆದುಕೊಂಡೆ. ಹಸು ಎರಡು. ಅವರು ಏಳಲಿಲ್ಲ. "ಬಾವಿ ಬರೆಯಲಿಲ್ಲವಲ್ಲ" ಎಂದರು. ಮನೆ ಎಂದರೆ ಬಾವಿಯೂ ಸೇರಿತು ಎಂದೆ. "ಮನೆ ಮಾವನ ಕಾಲದ್ದು. ಬಾವಿ ನಮ್ಮವರು ತೋಡಿದ್ದು. ಎರಡು ಬೇಸಿಗೆ ತೋಡಿದರು." ಬಾವಿಗೆ ಕಾಲಂ ಇಲ್ಲ ಅಜ್ಜಿ ಎಂದೆ. ಅವರಿಗೆ ಓದು ಬಾರದು, ಆದರೆ ಕಣ್ಣು ಚುರುಕು. ಬೆರಳು ಚಾಚಿ, "ಆ ಕೊನೆಯದು ಖಾಲಿ ಇದೆಯಲ್ಲ ಮಗ" ಎಂದರು.

ಷರಾ ಕಾಲಂನಲ್ಲಿ ಬರೆದೆ: ಗಂಡ ಎರಡು ಬೇಸಿಗೆ ತೋಡಿದ ಬಾವಿ. ಓದಿ ಹೇಳು ಎಂದರು, ಹೇಳಿದೆ. "ಸಿಹಿ ನೀರು" ಎಂದರು. ಅದನ್ನೂ ಸೇರಿಸಿದೆ. ಹಿಂದೆ ನಿಂತವರು ಕೇಳಿಸಿಕೊಂಡಿದ್ದರು. ಮುಂದಿನವನು ಕಟ್ಟಿಹಾಕಿ ಬಂದ ನಾಯಿಯ ಬಗ್ಗೆ ಬರೆಸಿದ. ಒಬ್ಬಳು ಹುಡುಗಿ ಗಣಿತದ ಪುಸ್ತಕದೊಳಗೆ ಇಟ್ಟಿದ್ದ ಐವತ್ತು ರೂಪಾಯಿ ಬರೆಸಿದಳು. ಸಂಜೆಯ ಹೊತ್ತಿಗೆ ಷರಾ ಕಾಲಂ ತುಂಬಿ, ಗೆರೆ ದಾಟಿ, ಹಾಳೆಯ ಅಂಚು ಸುತ್ತಿ ಹಿಂಬದಿಗೆ ಹೋಗಿತ್ತು. ರಾತ್ರಿ ಲೆಕ್ಕ ನೋಡಲು ಬಂದವರು ಗದರಿದರು. "ಇದೇನ್ರೀ, ಕತೆ ಬರೆದಿದ್ದೀರಿ?" ನನಗೆ ಸಿಕ್ಕ ಮೊದಲ ವಿಮರ್ಶೆ ಅದು. ಮರುದಿನ ದಾಖಲೆ ಪುಸ್ತಕ ಬೇರೆಯವರ ಕೈಗೆ ಹೋಯಿತು.

ಮುಂದಿನ ಮಳೆಗಾಲದವರೆಗೆ ಏನೂ ಆಗಲಿಲ್ಲ. ಜೂನ್ ಬಂತೆಂದರೆ ನಮ್ಮ ಕಡೆ ತೋಟದ ಕೆಲಸ ಅರ್ಧಕ್ಕರ್ಧ ನಿಲ್ಲುತ್ತದೆ. ಕರೆಂಟ್ ಹೋದರೆ ವಾರಗಟ್ಟಲೆ ಬರುವುದಿಲ್ಲ. ಒಲೆಯ ಬಳಿ ಕೂತು ಹಲಸಿನ ಬೀಜ ಸುಟ್ಟು ತಿನ್ನುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಂಥ ಒಂದು ದಿನ ಖಾಲಿ ಕಾಗದ ಹುಡುಕುತ್ತಾ ಅಪ್ಪನ ಮಳೆ ಪುಸ್ತಕಗಳನ್ನು ಕೆಳಗಿಳಿಸಿದೆ.

ಕೊಡಗಿನವರಲ್ಲದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಕಾಫಿ ಬೆಳೆಯುವವರ ಮನೆಯಂಗಳದಲ್ಲಿ ಮಳೆ ಅಳೆಯುವ ಡಬ್ಬಿಯೊಂದು ಸಾಮಾನ್ಯ. ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಊರವರು ಎದುರು ಸಿಕ್ಕರೆ ಮೊದಲು ಕೇಳುವುದು ಅದನ್ನೇ, ನಿಮ್ಮಲ್ಲಿ ಎಷ್ಟು ಬಂತು ಎಂದು. ಅಪ್ಪ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು ತಾರೀಕು, ಮಳೆ, ಷರಾ ಎಂದು ಮೂರು ಕಾಲಂ ಮಾಡಿದ್ದರು. ಷರಾದಲ್ಲಿ ಹೆಚ್ಚಿನ ದಿನ ಏನೂ ಇಲ್ಲ. ಎಲ್ಲೋ ಒಂದು ಕಡೆ 'ಕೊಟ್ಟಿಗೆಯ ಮೇಲೆ ಹಲಸು ಬಿತ್ತು'. ಇನ್ನೊಂದು ಕಡೆ 'ಆನೆ, ಬಾಳೆ ಪೂರಾ'. 2000ದ ಮಾರ್ಚ್ ತೆಗೆದು ನೋಡಿದೆ. ನಾನು ಹೊರಟ ದಿನ ಹೂಮಳೆ ಬಂದಿತ್ತು, ಎಂಬತ್ತು ಸೆಂಟು. ಕಾಫಿ ಗಿಡ ಆ ಮಳೆಗಾಗಿಯೇ ಕಾಯುತ್ತದೆ, ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಷರಾದಲ್ಲಿ ಎರಡು ವಾಕ್ಯ ಇತ್ತು. 'ಒಳ್ಳೆಯ ಮಳೆ. ಮಗ ಹೋದ.'

ಆ ಪುಸ್ತಕದ ಕೊನೆಯಲ್ಲಿ ಅರವತ್ತು ಚಿಲ್ಲರೆ ಹಾಳೆ ಖಾಲಿ ಉಳಿದಿದ್ದವು. ನಾನು ಬರೆಯಲು ಶುರು ಮಾಡಿದ್ದು ಅಲ್ಲಿ. ಪೆನ್ಸಿಲಿನಲ್ಲಿ ಬರೆದೆ. ನಮ್ಮ ಮಳೆಗಾಲದಲ್ಲಿ ಕಾಗದ ಹಪ್ಪಳದ ಹಸಿಹಿಟ್ಟಿನ ಹಾಗಾಗುತ್ತದೆ, ಪೆನ್ನಿನ ಶಾಯಿ ಹರಡುತ್ತದೆ. ಒದ್ದೆ ಕಾಗದದ ಮೇಲೆ ಪೆನ್ಸಿಲ್ ಓಡುತ್ತದೆ ಎಂಬುದು ಸೇನೆಯಲ್ಲಿ ಕಲಿತದ್ದರಲ್ಲಿ ಈ ಕೆಲಸಕ್ಕೆ ನೇರವಾಗಿ ಉಪಯೋಗಕ್ಕೆ ಬಂದ ಒಂದೇ ಒಂದು ವಿದ್ಯೆ.

ನಲವತ್ತು ಪುಟ ಆದ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವ್ವ ದಿನವೂ ಪೇಪರ್ ಓದುವವರು, ಮೊದಲು ನಿಧನ ವಾರ್ತೆ, ಆಮೇಲೆ ಕಾಫಿ ಧಾರಣೆ, ಸಮಯವಿದ್ದರೆ ಉಳಿದದ್ದು. ಒಲೆಯ ಮುಂದೆ ಕೂತು ಪೂರ್ತಿ ಕೇಳಿದರು. ಗುಂಡು, ಬೆಟ್ಟ, ಹಿಮ, ಹೆಲಿಕಾಪ್ಟರ್ ಎಲ್ಲ ಆಯಿತು. ಕೊನೆಗೆ ಕೇಳಿದರು, "ಇದರಲ್ಲಿ ಯಾರೂ ಊಟ ಮಾಡುವುದೇ ಇಲ್ಲವಲ್ಲ ಮಗ?"

ನೋಡಿದರೆ ನಿಜ. ನಲವತ್ತು ಪುಟದಲ್ಲಿ ಒಬ್ಬನೂ ಒಂದು ತುತ್ತು ತಿಂದಿರಲಿಲ್ಲ. ಒಬ್ಬನೂ ಕೆಮ್ಮಿರಲಿಲ್ಲ, ಮೂತ್ರಕ್ಕೆ ಹೋಗಿರಲಿಲ್ಲ, ಮನೆಯ ನೆನಪು ತೆಗೆದಿರಲಿಲ್ಲ. ಬರೆದದ್ದೆಲ್ಲ ಗಸ್ತಿನ ವರದಿ, ಭಾಷೆ ಮಾತ್ರ ಕನ್ನಡ. ಮಗ ಹದಿನೇಳು ವರ್ಷ ಏನು ತಿಂದು ಬದುಕಿದ್ದ ಎಂದು ಅವ್ವ ಅಷ್ಟು ಕಾಲ ಕಾದು ಕೇಳಿದ್ದರು, ನಾನು ಅವರಿಗೆ ನಕ್ಷೆಯ ಆರಂಕಿ ಗುರುತು ಕೊಟ್ಟಿದ್ದೆ. ಅಂದಿನಿಂದ ಊಟಗಳನ್ನು ಬರೆಯುತ್ತಾ ಹೋದೆ. ಮೆಸ್ ಟಿನ್ನಿನಲ್ಲಿ ಕಾಸಿದ ಚಹಾ, ಚೀಲದ ಅಡಿಯಲ್ಲಿ ಪುಡಿಯಾದ ಪೂರಿ, ಗಸ್ತಿಗೆ ಹೋಗುವಾಗ ಜೇಬಿಗೆ ಹಾಕಿಕೊಡುತ್ತಿದ್ದ ಕರಿದ ಸಿಹಿ ತಿಂಡಿ ಶಕ್ಕರ್‌ಪಾರೆ. ವಿಚಿತ್ರವೆಂದರೆ ಊಟ ಬರೆದಲ್ಲೆಲ್ಲ ಅದರ ಹಿಂದೆಯೇ ಮನುಷ್ಯರು ಬಂದರು. ಶಕ್ಕರ್‌ಪಾರೆ ಎಂದು ಬರೆದರೆ ಅದನ್ನು ಮುರಿದುಕೊಟ್ಟ ಕೈ ಬರೆಯದೆ ಇರಲಾಗುವುದಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಹಸ್ತಪ್ರತಿ ಹಿಡಿದು ಹೋದೆ. ಅವರು ಅಪ್ಪನ ಷರಾಗಳನ್ನು ಮೊದಲು ಓದಿ, ನನ್ನದನ್ನು ಆಮೇಲೆ ಓದಿ, "ನಿನ್ನಪ್ಪ ನಿನಗಿಂತ ಚೆನ್ನಾಗಿ ಬರೆಯುತ್ತಿದ್ದರು" ಎಂದರು. ಜಿಲ್ಲಾ ಗ್ರಂಥಾಲಯದ ಚೀಟಿ ಮಾಡಿಸಿಕೊಟ್ಟರು. ಮೊದಲು ಕೊಟ್ಟದ್ದು ಕೊಡಗಿನ ಗೌರಮ್ಮನವರ ಕತೆಗಳನ್ನು. 1939ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ ತೀರಿಕೊಂಡವರು. ಚಿಕ್ಕ ಚಿಕ್ಕ ಕತೆಗಳು. ಇಪ್ಪತ್ತೇಳರಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿ ಸುಮ್ಮನಾದೆ. ಒಂದು ವರ್ಷ ಬರೆಯುವುದಕ್ಕಿಂತ ಹೆಚ್ಚು ಓದಿದೆ.

ಮೇಷ್ಟ್ರು ಮತ್ತು ನಾನು ಹೆಚ್ಚು ಜಗಳವಾಡಿದ್ದು ಪದಗಳ ಬಗ್ಗೆ. ನನಗೆ ಗೊತ್ತಿದ್ದದ್ದು ಹಿಂದಿಯ ಇಲ್ಲವೇ ಇಂಗ್ಲಿಷಿನ ಹೆಸರುಗಳು. ಪತ್ರಿಕೆಗಳ ಕನ್ನಡದಲ್ಲಿ 'ಹೊಂಚುದಾಳಿ', 'ಶೋಧ ಕಾರ್ಯಾಚರಣೆ' ಎಂದೆಲ್ಲ ಇರುತ್ತದೆ. ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ರಾತ್ರಿಯಿಡೀ ಅಲುಗಾಡದೆ ಕೂತಿದ್ದೆ ಎನ್ನುತ್ತೀಯ. ನಿನ್ನ ಅಜ್ಜ ಹಂದಿಗೆ ಹಾಗೆ ಕೂರುವುದನ್ನು ಏನೆನ್ನುತ್ತಿದ್ದರು?" ಎಂದರು. ಮರಸು. ಮರಸು ಕೂರುವುದು. ಅಜ್ಜನ ಬಾಯಿಂದ ನೂರು ಸಲ ಕೇಳಿದ್ದ ಪದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರ ನೆನಪುಗಳಲ್ಲಿ ಮಾತ್ರ ಉಳಿದಿದ್ದ ಪದ. ಅದು ಸಿಕ್ಕಿದ್ದೇ ತಡ, ಬೇಟೆಯ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ಕಾಡು ಸುತ್ತುವರಿದು ಒಳಗಿದ್ದವರನ್ನು ಒಂದು ಕಡೆಗೆ ಅಟ್ಟುವುದು ಸೋವುವುದು. ಕಾಲಿನ ಗುರುತು ಜಾಡು. ಸೇನೆ ನನಗೆ ಹೊಸದಾಗಿ ಕಲಿಸಿತು ಎಂದುಕೊಂಡಿದ್ದಕ್ಕೆಲ್ಲ ನಮ್ಮ ಅಂಗಳದಲ್ಲಿ ಹೆಸರಿತ್ತು. ಆದರೆ ಆ ಹೆಸರಿನಲ್ಲಿ ಒಂದು ತೊಂದರೆಯೂ ಇತ್ತು. ಮರಸು ಎಂದು ಬರೆದಾಗ ಎದುರಿನಿಂದ ಬರುವವನು ಹಂದಿ ಆಗಿಬಿಡುತ್ತಾನೆ. ಒಂದು ಸಲ ಆ ಪದ ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಗೆ ಇಟ್ಟುಕೊಂಡೆ. ನಾವು ಹಾಗೆಯೇ ಕೂತಿದ್ದೆವು ಎಂಬುದು ಓದುವವರಿಗೂ ತಿಳಿಯಲಿ ಎನಿಸಿತು.

ಬರೆಯಬಾರದ್ದು ಬಹಳ ಇತ್ತು. ಸೇವೆಯಲ್ಲಿರುವವನು ಅನುಮತಿ ಇಲ್ಲದೆ ಸೇನೆಯ ವಿಷಯ ಪ್ರಕಟಿಸುವಂತಿಲ್ಲ, 1954ರ ಸೇನಾ ನಿಯಮಗಳಲ್ಲಿ 21ನೆಯದು ಅದನ್ನು ಹೇಳುತ್ತದೆ. ಹೊರಗೆ ಬಂದವನ ಹೆಗಲ ಮೇಲೂ 1923ರ ಅಧಿಕೃತ ರಹಸ್ಯ ಕಾಯ್ದೆ ಕೂತಿರುತ್ತದೆ. ಕಾಯ್ದೆ ಇಲ್ಲದಿದ್ದರೂ ಒಂದು ಮಾತಿದೆ, ಆ ದಾರಿಗಳಲ್ಲಿ ಇಂದೂ ಹುಡುಗರು ನಡೆಯುತ್ತಾರೆ. ಆದ್ದರಿಂದ ಜಾಗದ ಹೆಸರು, ತಾರೀಕು, ಎಷ್ಟು ಜನ, ಯಾವ ಸಾಮಾನು, ಯಾವುದೂ ಬೇಡ ಎಂದು ನಿರ್ಧರಿಸಿದೆ. ಊರಿನ ಹೆಸರಿಲ್ಲದೆ ಕತೆ ನಿಲ್ಲುವುದು ಹೇಗೆ ಎಂದು ಮೇಷ್ಟ್ರನ್ನು ಕೇಳಿದೆ. "ಅಲ್ಲಿನ ನೀರು ಹೇಗಿತ್ತು ಹೇಳು" ಎಂದರು. ಅಜ್ಜಿಯ ಬಾವಿ ನೆನಪಾಯಿತು. ನೀರಿನಲ್ಲಿ ತುಕ್ಕಿನ ರುಚಿ ಇದ್ದ ಊರು, ಹಿಮ ಕರಗಿಸಿ ಕುಡಿದರೆ ಹೊಗೆಯ ವಾಸನೆ ಬರುತ್ತಿದ್ದ ಊರು, ಹೀಗೆ ಬರೆಯುತ್ತಾ ಹೋದೆ. ಯಾವ ನಕ್ಷೆಯಲ್ಲಿಯೂ ಅವು ಸಿಗುವುದಿಲ್ಲ. ಅಲ್ಲಿದ್ದ ಇಬ್ಬರು ಓದಿ ತಕ್ಷಣ ಗುರುತು ಹಿಡಿದರು.

ಬಡ್ಡಿಯ ಅಧ್ಯಾಯ ಉಳಿದೇ ಇತ್ತು.

ಆ ದಿನದ ವರದಿ ಬರೆದವನೂ ನಾನೇ. ಒಂಬತ್ತು ಸಾಲು. ಕಾಗದ ಪಲ್ಟನ್ನಿನಲ್ಲಿ ಉಳಿದಿದೆ, ಸಾಲುಗಳು ಬಾಯಿಗೆ ಬರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಳಗಾಗುವ ಮೊದಲು, ಇಳಿಜಾರಿನಲ್ಲಿ, ಎದುರಿನಿಂದ ಗುಂಡು, ನಮ್ಮ ಉತ್ತರ, ನಷ್ಟ ಒಂದು. ಹೆಸರಿನ ಬದಲು ಅವನ ಸೈನ್ಯದ ಸಂಖ್ಯೆ.

ಮೊದಲ ಸಲ ಬರೆದಾಗ ನಾನು ಅವನನ್ನು ಹೊತ್ತುಕೊಂಡು ಬಂದದ್ದನ್ನು ಹನ್ನೆರಡು ಪುಟ ಬರೆದೆ. ಓದಲು ರೋಮಾಂಚಕವಾಗಿತ್ತು, ಅದೇ ಅನುಮಾನ ಹುಟ್ಟಿಸಿತು. ಎರಡನೆಯ ಸಲ ಅವನ ಮನೆ, ಅವನ ತಾಯಿ, ಅವನು ಹಾಡುತ್ತಿದ್ದ ಪಹಾಡಿ ಹಾಡು. ಮೂರನೆಯ ಸಲ ಬರೀ ಹಿಮ. ಮೇಷ್ಟ್ರು ಯಾವುದಕ್ಕೂ ಕೆಂಪು ಶಾಯಿ ಹಾಕಲಿಲ್ಲ, "ಅದು ಇನ್ನೂ ಬಂದಿಲ್ಲ" ಎಂದಷ್ಟೇ ಹೇಳಿ ಹಿಂದಿರುಗಿಸುತ್ತಿದ್ದರು. ಮೂರು ಮಳೆಗಾಲ ಹೀಗೆ ಹೋಯಿತು. ನಡುವೆ ಕೋವಿಡ್ ಬಂತು, ಅವ್ವನಿಗೆ ಶಸ್ತ್ರಚಿಕಿತ್ಸೆ ಆಯಿತು, ಆನೆಗಳು ಎರಡು ಸಲ ಬೇಲಿ ಮುರಿದವು. ಆ ಅಧ್ಯಾಯ ಅಲ್ಲೇ ಇತ್ತು.

ಏನನ್ನು ತಪ್ಪಿಸುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಮೊದಲ ಸದ್ದು ಕೇಳಿದಾಗ ನಾನು ಅವನ ಕಡೆ ನೋಡಲಿಲ್ಲ. ನೆಲಕ್ಕೆ ಬಿದ್ದು ನೆಲವನ್ನೇ ನೋಡಿದೆ. ತರಬೇತಿ ಹೇಳುವುದೂ ಅದನ್ನೇ, ಮೊದಲು ನೆಲ ಹಿಡಿ, ಆಮೇಲೆ ನೋಡು. ಪಲ್ಟನ್ನಿನಲ್ಲಿ ಯಾರನ್ನು ಕೇಳಿದರೂ ಸರಿಯಾಗಿಯೇ ಮಾಡಿದೆ ಎನ್ನುತ್ತಾರೆ. ಆದರೆ ಎಷ್ಟು ಹೊತ್ತು ನೋಡಿದೆ? ಎಣಿಸಬಲ್ಲಷ್ಟು ಹೊತ್ತು. ಕಣ್ಣಿನ ಮುಂದೆ ಒಂದು ದೇವದಾರಿನ ಕಾಯಿ ಬಿದ್ದಿತ್ತು, ಅದರ ಎಸಳುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅದು ನನಗೆ ಸ್ಪಷ್ಟವಾಗಿ ಕಂಡಿದೆ. ಇಷ್ಟು ಸ್ಪಷ್ಟವಾಗಿ ಒಂದು ಕಾಯಿ ಕಂಡಿದೆಯೆಂದರೆ ಅಷ್ಟು ಹೊತ್ತು ನಾನು ಬೇರೆ ಯಾವುದನ್ನೂ ನೋಡಿಲ್ಲ.

2022ರ ಜುಲೈನಲ್ಲಿ ಒಂದು ರಾತ್ರಿ ಆ ಕಾಯಿಯಿಂದ ಶುರು ಮಾಡಿ ಬರೆದೆ. ಒಂಬತ್ತು ಪುಟ ಬಂತು. ಮೇಷ್ಟ್ರು ಓದಿದರು, ಕನ್ನಡಕ ಒರೆಸಿಕೊಂಡರು, ಒಂದು ಕಡೆ 'ಹೆಪ್ಪುಗಟಿತ್ತು' ಎಂದಿದ್ದಲ್ಲಿ ಟ-ಕಾರಕ್ಕೆ ಒತ್ತು ಕೊಟ್ಟರು. ಇನ್ನೇನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದರು. ಹಾಗೆ ಅವರು ಬಂದದ್ದು ಅದೇ ಮೊದಲು.

ಪ್ರಕಟಣೆಯ ಕತೆ ದೊಡ್ಡದಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ಉತ್ಸಾಹದಿಂದ ಕರೆಸಿದರು. 2016ರ ಸರ್ಜಿಕಲ್ ಸ್ಟ್ರೈಕಿನಲ್ಲಿ ನೀವು ಇದ್ದಿರಾ ಎಂದು ಮೊದಲ ಪ್ರಶ್ನೆ. ಇದ್ದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವರು ಅದನ್ನು ಇದ್ದೆ ಎಂದೇ ತಿಳಿದುಕೊಂಡು ಮುಖಪುಟದ ಚಿತ್ರವನ್ನೂ ತೋರಿಸಿದರು. ಮುಖಕ್ಕೆ ಮಸಿ ಬಳಿದುಕೊಂಡು ಬಂದೂಕು ಹಿಡಿದವನು, ಹಿಂದೆ ಬೆಂಕಿ. ಊಟದ ವಿವರ ಸ್ವಲ್ಪ ಕಡಿಮೆ ಮಾಡಬಹುದಲ್ಲ ಎಂದರು. ಹಸ್ತಪ್ರತಿ ವಾಪಸು ತಂದೆ. ಹೊಸ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಸಹಾಯಕ್ಕೆ ನನ್ನ ವಯಸ್ಸು ಮೀರಿತ್ತು. ಕೊನೆಗೆ ಆ ವರ್ಷದ ಮೆಣಸಿನ ದುಡ್ಡಿನಲ್ಲಿ ನಾನೇ ಐನೂರು ಪ್ರತಿ ಹಾಕಿಸಿದೆ.

ಅಚ್ಚಿನ ಕೆಲಸ ನನಗೆ ಹಿಡಿಸಿತು, ಅದು ಸೇನೆಯ ಹಾಗೆ ಲೆಕ್ಕದ ಕೆಲಸ. ನುಡಿ ತಂತ್ರಾಂಶದಲ್ಲಿ ಒಂದೇ ಬೆರಳಿನಲ್ಲಿ ಟೈಪು ಮಾಡಿದ್ದನ್ನು ಅವರು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲಾದವು. ಒಂದೊಂದನ್ನೂ ಹಿಡಿದು ತಂದು ಸಾಲಿನಲ್ಲಿ ನಿಲ್ಲಿಸಿದೆವು. ಐಎಸ್‌ಬಿಎನ್ ಸಂಖ್ಯೆ ದೆಹಲಿಯಿಂದ ಬಂತು, ಅದಕ್ಕೆ ದುಡ್ಡಿಲ್ಲ. ಡೆಮಿ ಅಷ್ಟಪತ್ರ ಗಾತ್ರದಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ನನ್ನದು 179 ಪುಟ ಆಗಿತ್ತು. ಮೂರು ಪುಟ ಕಡಿಮೆ ಮಾಡಿದರೆ ಸರಿಯಾಗಿ ಹನ್ನೊಂದು ಫಾರಂ, ಇಲ್ಲದಿದ್ದರೆ ಇನ್ನೊಂದು ಫಾರಂನ ಖರ್ಚು ಎಂದರು. ಯಾವ ಮೂರು ಪುಟ ಎಂದು ಯೋಚಿಸಬೇಕಾಗಲಿಲ್ಲ. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದ ನನ್ನ ಸಾಹಸ ಮೂರೇ ಪುಟ ಇತ್ತು.

'ಬಡ್ಡಿ'ಯನ್ನು ಬದಲಿಸೋಣವೇ, ಜೊತೆಗಾರ ಎಂದು ಹಾಕೋಣವೇ ಎಂದು ಕರಡು ತಿದ್ದುವವರು ಕೇಳಿದ್ದರು. ಒಂದು ದಿನ ಸಮಯ ತೆಗೆದುಕೊಂಡು, ಬೇಡ, ಹಾಗೇ ಇರಲಿ ಎಂದೆ. ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಸೇರಿಸಿದೆ. ಸಾಲದ ಅರ್ಥವೂ ಓದುವವರ ಕಿವಿಗೆ ಬೀಳುತ್ತದೆ, ಬೀಳಲಿ.

ಬಿಡುಗಡೆಗೆ ಮಡಿಕೇರಿಯಲ್ಲಿ ಒಂದು ಸಣ್ಣ ಸಭಾಂಗಣ. ಬಂದವರು ನಲವತ್ತೆರಡು ಜನ, ಅದರಲ್ಲಿ ನೆಂಟರೇ ಮೂವತ್ತು. ಉಪ್ಪಿಟ್ಟು, ಕೇಸರಿಬಾತು ಇತ್ತು. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ನಿವೃತ್ತ ಸುಬೇದಾರರೊಬ್ಬರು ಎದ್ದು, ಇಪ್ಪತ್ತೊಂದನೇ ಪುಟದಲ್ಲಿ ಬೂಟಿನ ಲೇಸು ಕಟ್ಟುವ ಕ್ರಮ ತಪ್ಪಾಗಿದೆ ಎಂದರು. ತಪ್ಪಾಗಿತ್ತು. ಅವರೇ ಆಮೇಲೆ ಆರು ಪ್ರತಿ ಕೊಂಡರು.

ಒಂದು ಪ್ರತಿಯನ್ನು ಕಾಂಗ್ರಾಕ್ಕೆ ಕಳುಹಿಸಿದೆ. ಬಡ್ಡಿಯ ತಾಯಿ ಈಗ ಇಲ್ಲ, ಅಣ್ಣ ಇದ್ದಾರೆ. ಪುಸ್ತಕ ತಲುಪಿದ ದಿನ ಫೋನ್ ಮಾಡಿದರು. ಅಕ್ಷರಗಳು ಚೆನ್ನಾಗಿವೆ, ದುಂಡಗಿವೆ, ಜಿಲೇಬಿಯ ಹಾಗಿವೆ ಎಂದರು. ತಮ್ಮನ ಹೆಸರು ಎಲ್ಲಿದೆ ಎಂದು ಕೇಳಿದರು. ಪುಟ ಹೇಳಿ, ಎಷ್ಟನೆಯ ಸಾಲು, ಎಷ್ಟನೆಯ ಪದ ಎಂದು ಹೇಳಿದೆ. ಬೆರಳಿಟ್ಟುಕೊಂಡಿದ್ದೇನೆ, ಓದಿ ಎಂದರು.

ಕನ್ನಡವನ್ನು ನೋಡಿಕೊಂಡು ಹಿಂದಿಯಲ್ಲಿ ಹೇಳುತ್ತಾ ಹೋದೆ. ಮೊದಲ ಪುಟದಲ್ಲಿ ನಾಲಗೆ ಹಳೆಯ ದಾರಿ ಹಿಡಿದು ವರದಿಯಾಗಲು ಹೊರಟಿತು. ನಿಲ್ಲಿಸಿ, ನೀರು ಕುಡಿದು, ಮತ್ತೆ ದೇವದಾರಿನ ಕಾಯಿಯಿಂದ ಶುರು ಮಾಡಿದೆ. ಒಂಬತ್ತು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಅವರು ಒಂದೂ ಮಾತಾಡಲಿಲ್ಲ, ಹಿಂದಿನಿಂದ ಯಾವುದೋ ಹಸುವಿನ ಗಂಟೆ ಕೇಳುತ್ತಿತ್ತು. ಮುಗಿದ ಮೇಲೆ ನಾನು ನೆಲ ನೋಡಿದ್ದರ ಬಗ್ಗೆ ಏನಾದರೂ ಕೇಳುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ. "ಆ ರಾತ್ರಿ ಶಕ್ಕರ್‌ಪಾರೆ ತಿಂದಿರಿ ಎಂದು ಬರೆದಿದ್ದೀರಲ್ಲ. ಅವನ ಪಾಲಿನದನ್ನು ಪೂರ್ತಿ ತಿಂದಿದ್ದನೇ?"

ಪೂರ್ತಿ ತಿಂದಿರಲಿಲ್ಲ. ಬೆಳಿಗ್ಗೆಗೆ ಇರಲಿ ಎಂದು ಮೂರು ತುಂಡನ್ನು ಪೊಟ್ಟಣ ಕಟ್ಟಿ ನನ್ನ ಜೇಬಿಗೆ ಹಾಕಿದ್ದ. ಅವನ ಜೇಬು ಹರಿದಿತ್ತು. ಎರಡು ದಿನ ಕಳೆದ ಮೇಲೆ, ಕೆಳಗೆ ಬಂದು, ಒಬ್ಬನೇ ಕೂತು ನಾನು ಅವನ್ನು ತಿಂದಿದ್ದೆ. ಇದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಮೇಷ್ಟ್ರಿಗೂ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ. ಫೋನಿನಲ್ಲಿ ಅವರಿಗೆ ಹೇಳಿದೆ.

"ಮೂರೂ?" ಎಂದರು.

"ಮೂರೂ."